ಕಿವಿ ಕೊಯ್ದ ಮರಿ

ನಾನು ಹುಟ್ಟಿದ್ದು ಹುನ್ನೂರ ಕಡೆಯ ಕುರಿಗಾರರ ಮನೆಯಲ್ಲಿ. ಬನಹಟ್ಟಿಗೆ ಸೊಸೆಯಾಗಿ ಬಂದ ಮೇಲೆ ಗಂಡನ ಜೊತೆ ಚರ್ಚಿಗೆ ಹೋಗತೊಡಗಿದೆ. ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ದೇವರು ಬದಲಾದರೂ ನನ್ನ ಕೈ ಬದಲಾಗಲಿಲ್ಲ.

ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದೆವು, ಅತ್ತೆ ಇಲ್ಲದ ಮನೆಗೆ. ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದು ಏಳು ತಿಂಗಳು ನಿಂತಿತು. ಆಮೇಲೆ ರಕ್ತ ಕಂಡು ದವಾಖಾನೆಗೆ ಸೇರಿಸಿದರು. ಸುದ್ದಿ ಬಂದ ಗುರುವಾರವೇ ನಾನು ಹಿತ್ತಲಿಗೆ ಹೋಗಿ, ಇದ್ದ ಮೂರು ಕುರಿಮರಿಗಳಲ್ಲಿ ಚೆನ್ನಾಗಿದ್ದದ್ದನ್ನು ಹಿಡಿದು ಕುಡುಗೋಲಿನಿಂದ ಎಡಗಿವಿಯ ತುದಿ ಕೊಯ್ದೆ. ಯೇಸುವೇ, ಇದನ್ನು ತೆಗೆದುಕೊ, ಕೂಸನ್ನು ಉಳಿಸು ಅಂದೆ. ತವರಿನಲ್ಲಿ ಬೀರಪ್ಪನಿಗೆ ಹೀಗೆಯೇ ಮರಿ ಬಿಡುತ್ತಿದ್ದೆವು. ಕಿವಿ ಕೊಯ್ದ ಮೇಲೆ ಅದನ್ನು ಮಾರುವಂತಿಲ್ಲ. ಮುಟ್ಟಿಸುವವರೆಗೆ ಹರಕೆ ಹೊತ್ತವರು ಊರು ದಾಟುವಂತಿಲ್ಲ.

ಆ ರವಿವಾರ ನಮ್ಮ ಚರ್ಚಿನ ಸುಗ್ಗಿ ಹಬ್ಬ. ಜೋಳ, ಕೋಳಿ, ಮಗ್ಗದ ಸೀರೆ, ಯಾರಲ್ಲಿ ಏನಿದೆಯೋ ಅದನ್ನು ತಂದು ಕೊಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜಿನ ಸವಾಲು ಕೂಗುತ್ತಾರೆ. ಮರಿಯನ್ನು ಅಂದೇ ಕೊಡುವುದೆಂದು ಕಾದೆ.

ಶುಕ್ರವಾರ ಮಗಳ ಫೋನು ಬಂತು.

"ಅವ್ವಾ, ಅವರು ಫ್ಯಾಕ್ಟರಿಗಿ ಹೋಗ್ಯಾರ. ಒಬ್ಬಾಕಿನ ಬಿದ್ದೇನಿ. ಬಾ ಬೇ."

"ಐತವಾರ ಹರಕಿ ಮುಟ್ಟಿಸಿ ಬರ್ತೇನಿ."

"ನನಗಿಂತ ಕುರಿ ಹೆಚ್ಚಾತೇನ?"

"ನಿನ್ನ ಸಲುವಾಗೇ ಅಲ್ಲೇನ ಇದು? ಸುಮ್ನ ಮಲಕೋ."

ಮುಧೋಳ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಹೋಗಲಿಲ್ಲ.

ರವಿವಾರ ಮರಿಯನ್ನು ಎಳೆದುಕೊಂಡು ಚರ್ಚಿನ ಬಾಗಿಲಿಗೆ ಹೋದೆ. ಸಭೆಯ ಹಿರಿಯರೊಬ್ಬರು ಅದರ ಕಿವಿ ಹಿಡಿದು ನೋಡಿದರು.

"ಏ ಮುದುಕಿ, ಇದು ಬೀರಪ್ಪಗ ಬಿಟ್ಟ ಗುರ್ತು. ಮೋಶೆ ಕಾಲದಾಗ ಊನ ಇದ್ದದ್ದನ್ನ ವೇದಿ ಹತ್ರ ಬಿಡತಿದ್ದಿಲ್ಲ, ಗೊತ್ತದ ಏನ?"

"ಮತ್ತ ನೀವು ತಂದ ಸೀರಿರೀ? ಸೆರಗಿನಾಗ ಎಳಿ ಹರದೈತಿ. ಪ್ಯಾಟ್ಯಾಗ ಹೋಗಲಾರದ್ದು ದೇವರಿಗೆ ಬಂತೇನ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗದ್ದಲ ಕೇಳಿ ಸಭಾಪಾಲಕರು ಹೊರಗೆ ಬಂದರು. ಮಗಳು ದವಾಖಾನೆಯಲ್ಲಿರುವುದು, ನಾನು ಹರಕೆ ಹೊತ್ತದ್ದು ಎಲ್ಲ ಹೇಳಿದೆ.

"ಅಮ್ಮಾ, ಊನ ಇಲ್ಲದ ಕುರಿ ಅಂದ್ರ ಯೇಸು. ಆ ಬಲಿ ಶಿಲುಬಿ ಮ್ಯಾಲ ಒಂದ ಸಲ ಆಗಿ ಮುಗದೈತಿ. ಇನ್ನ ಜೀವ ಕೊಟ್ಟು ಜೀವ ಕೊಳ್ಳೂದಿಲ್ಲ. ನಾವು ಕೊಡೂದು ಸಿಕ್ಕಿದ್ದಕ್ಕ, ಸಿಗಲಿ ಅಂತಲ್ಲ. ಮಗಳ ಹತ್ರ ಯಾರದಾರ?"

"ಯಾರೂ ಇಲ್ಲರಿ. ಇದನ್ನ ಮುಟ್ಟಿಸಬೇಕಿತ್ತು."

ಅವರು ನನ್ನ ಮುಖ ನೋಡಲಿಲ್ಲ. ಮರಿಯನ್ನೇ ನೋಡಿದರು.

"ಕಾಣಿಕಿ ಇಲ್ಲೇ ಬಿಟ್ಟು ಮೊದಲ ಅಲ್ಲಿ ಹೋಗ್ರಿ. ಯೇಸುಸ್ವಾಮಿ ಹೇಳಿದ್ದೂ ಹಂಗ ಐತಿ."

ದವಾಖಾನೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಶನಿವಾರ ಬೆಳಿಗ್ಗೆ ಕೂಸು ಸತ್ತೇ ಹುಟ್ಟಿತ್ತು. ಗಂಡು. ಫ್ಯಾಕ್ಟರಿಯಲ್ಲಿ ಅಳಿಯನ ಪಾಳಿ ಮುಗಿಯುವವರೆಗೆ ಮಗಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಸಂಜೆ ಮಣ್ಣು ಮಾಡಿದರು, ನನಗೆ ಫೋನು ಮಾಡಲಿಲ್ಲ. ಅದರ ಮುಖ ನಾನು ನೋಡಲಿಲ್ಲ.

"ಕುರಿ ಮುಟ್ಟಿತೇನ?" ಅಂದಳು.

"ಬಾಗಲದಾಗ ಬಿಟ್ಟ ಬಂದೇನಿ."

ಅವಳು ಗೋಡೆಯ ಕಡೆ ಹೊರಳಿದಳು.

ನಾನು ಹೋಗಿದ್ದರೂ ಕೂಸು ಉಳಿಯುತ್ತಿರಲಿಲ್ಲ, ಡಾಕ್ಟರರೇ ಹೇಳಿದರು. ಆದರೆ ಅವಳು ಒಬ್ಬಳೇ ಕೂಡುತ್ತಿರಲಿಲ್ಲ. ಇದಕ್ಕೆ ದೇವರನ್ನು ಬೈಯಲು ಬರುವುದಿಲ್ಲ. ಅವನು ಕುರಿ ಕೇಳಿರಲಿಲ್ಲ. ಬಾ ಎಂದು ಕೇಳಿದವಳು ಮಗಳು.

ಆ ಮರಿಗೆ ಸವಾಲಿನಲ್ಲಿ ಯಾರೂ ಕೂಗಲಿಲ್ಲವಂತೆ. ಕೊಯ್ದು ಅಡುಗೆ ಮಾಡಿ ಎಲ್ಲರಿಗೂ ಬಡಿಸಿದರಂತೆ. ಊನ ಹುಡುಕಿದ ಹಿರಿಯರು ಎರಡು ಸಲ ಹಾಕಿಸಿಕೊಂಡರೆಂದು ಕೇಳಿದೆ.

ಮೋಶೆಯ ಕಾಲದಲ್ಲಿ ಕುರಿ ಇಲ್ಲದವರು ಎರಡು ಪಾರಿವಾಳ ಕೊಡುತ್ತಿದ್ದರಂತೆ, ಅದೂ ಇಲ್ಲದವರು ಒಂದಿಷ್ಟು ಹಿಟ್ಟು. ಸಭಾಪಾಲಕರು ಒಮ್ಮೆ ಇದನ್ನು ಹೇಳಿದರು. ಈಗ ಸುಗ್ಗಿ ಹಬ್ಬಕ್ಕೆ ನಾನು ಒಂದು ಸೇರು ಜೋಳದ ಹಿಟ್ಟು ಒಯ್ಯುತ್ತೇನೆ. ಹಿಟ್ಟಿಗೆ ಕೊಯ್ಯಲು ಕಿವಿ ಇಲ್ಲ. ಆರಾಧನೆಗೆ ಮೊದಲೇ ಬಾಗಿಲಲ್ಲಿ ಇಟ್ಟು ಮುಧೋಳದ ಬಸ್ಸು ಹತ್ತುತ್ತೇನೆ.

ಮೊದಲೆರಡು ವರ್ಷ ಮಗಳು ಬಾಗಿಲು ತೆರೆದು ಒಳಗೆ ಹೋಗಿಬಿಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಸಂಜೆಯ ಬಸ್ಸಿಗೆ ತಿರುಗುತ್ತಿದ್ದೆ. ಈ ವರ್ಷ ಕಾಲಿನಿಂದ ಚಾಪೆಯನ್ನು ನನ್ನ ಕಡೆ ದೂಡಿದಳು. ಕೂತೆ.