ಸುಬೇದಾರನ ಹಿಂದೆ ಫಕೀರವ್ವ

ಹೂಗಾರ ಫಕೀರವ್ವ ನಡೆಯುವಾಗ ಮೂಗು ಮುಂದಿರುತ್ತಿತ್ತು. ಗದ್ದ ತುಸು ಮೇಲೆತ್ತಿ, ಯಾರ ಮನೆಯ ಒಗ್ಗರಣೆ ಎಂದು ಗಾಳಿಯಲ್ಲಿ ಹುಡುಕುವವರ ಹಾಗೆ ಹೋಗುತ್ತಿದ್ದರು. ತಲೆಯ ಮೇಲೆ ಹೂವಿನ ಬುಟ್ಟಿ, ಬಲಗೈಯಲ್ಲಿ ಬಾಳೆನಾರಿನ ಹಗ್ಗ, ಹಗ್ಗದ ಆ ತುದಿಗೆ ಒಂದು ಕಿವಿ ಹರಿದ ಕಂದು ನಾಯಿ. ನಾಯಿಯ ಹೆಸರು ಸುಬೇದಾರ. ಎಲ್ಲರಿಗಿಂತ ಮುಂದೆ ನಡೆಯುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ, ಅದಕ್ಕೇ ಆ ಹೆಸರು ಎಂದು ಅವರೇ ಹೇಳುತ್ತಿದ್ದರು.

ನಾನು ಹಾನಗಲ್ಲಿಗೆ ಸೊಸೆಯಾಗಿ ಬಂದಾಗ ನಮ್ಮ ಪಕ್ಕದ ಮನೆ ಅವರದು. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಹಿತ್ತಲಲ್ಲಿ ಒಂದು ಬಾವಿ, ಬಾವಿಯ ಸುತ್ತ ಮಲ್ಲಿಗೆ, ಬಿಳಿ ಕಣಗಿಲೆ, ಬೇಲಿಯುದ್ದಕ್ಕೂ ಕೆಂಪು ಕಣಗಿಲೆ. ನಾನು ಬೆಳಗಿನ ಮೊದಲ ಕೊಡ ನೀರಿಗೆ ಹೋಗುವ ಹೊತ್ತಿಗೆ ಅವರು ಹೂ ಬಿಡಿಸಿ ಮುಗಿಸಿ ಕಟ್ಟೆಯ ಮೇಲೆ ಕುಳಿತು ಕಟ್ಟುತ್ತಿದ್ದರು. ಎಂದೂ ಕೈಯ ಕಡೆಗೆ ನೋಡುತ್ತಿರಲಿಲ್ಲ. ಎಷ್ಟು ರೂಢಿ ಎಂದು ನಾನು ಬೆರಗಾಗುತ್ತಿದ್ದೆ.

“ಏನವಸರ ತಂಗಿ, ಕುಂದ್ರು ಒಂದೀಟು,” ಎನ್ನುತ್ತಿದ್ದರು. “ಹೂವು ಅರಳಾಕ ಅವಸರ ಮಾಡಂಗಿಲ್ಲ. ಬಾಡೂದಕ್ಕ ಅವಸರ. ನೀನೂ ಹಂಗ ಓಡಾಡಾಕತ್ತೀ ನೋಡು.”

ಕುಳಿತುಕೊಳ್ಳಲು ನನಗೆ ಹೊತ್ತೆಲ್ಲಿತ್ತು? ಒಲೆ, ದನದ ಕಸ, ಮಾವನವರ ಸ್ನಾನದ ನೀರು. ಆದರೂ ಆ ಮಾತು ಕೇಳಿದರೆ ಕೊಡದ ಭಾರ ಸ್ವಲ್ಪ ಇಳಿದಂತಾಗುತ್ತಿತ್ತು.

ಊರಿಂದ ಎರಡು ಮೈಲಿ ದೂರ, ಶಿಗ್ಗಾವಿಯ ದಿಕ್ಕಿಗೆ, ಹೊಲಗಳ ನಡುವಿನ ದಿಬ್ಬದ ಮೇಲೆ ಒಂದು ಕಲ್ಲಿನ ಬಸವಣ್ಣ. ಗುಡಿಯಿಲ್ಲ, ಬರಿ ಕಟ್ಟೆ. ಚೈತ್ರದ ಒಂದು ಸೋಮವಾರ ಊರ ಮಂದಿಯೆಲ್ಲ ಮನೆಮನೆಯ ಹೂ ಒಯ್ದು ಅದಕ್ಕೆ ಹೊದಿಸಬೇಕು. ಮಧ್ಯಾಹ್ನದೊಳಗೆ ಕಲ್ಲು ಕಾಣಬಾರದು, ಮೂತಿಯಷ್ಟೇ ಕಾಣಬೇಕು. ಆದರೆ ಮೊದಲ ಮಾಲೆ ಫಕೀರವ್ವನ ಮನೆಯದು. ಅದು ಅಪ್ಪಟ ಬಿಳಿಯದಾಗಿರಬೇಕು, ಕಟ್ಟಿದವರೇ ಹಾಕಬೇಕು. ಅಲ್ಲಿಯವರೆಗೆ ಯಾರೂ ಒಂದು ಎಸಳನ್ನೂ ಇಡುವಂತಿಲ್ಲ. ಗೌಡರು ಕಟ್ಟೆಯ ಮೇಲೆ ನಿಂತು, “ಫಕೀರವ್ವನ ಮಾಲಿ ಬಂತೇನ?” ಎಂದು ಕೂಗುತ್ತಿದ್ದರು. ಇಡೀ ವರ್ಷದಲ್ಲಿ ಆಕೆಯನ್ನು ಊರು ಹೆಸರು ಹಿಡಿದು ಕರೆಯುತ್ತಿದ್ದುದು ಆ ಒಂದು ಸಲ.

ನಾನು ಮೊದಲ ಬಾರಿ ಹೋದ ವರ್ಷ ಗೌಡರು ನಾಯಿಯನ್ನು ಕಂಡು ಸಿಟ್ಟಾದರು.

“ಏ ಫಕೀರವ್ವಾ, ದೇವರ ಕಟ್ಟಿಗೆ ನಾಯಿ ತರ್ತಿಯೇನ? ಮಡಿ ಮೈಲಿಗಿ ಏನರ ಐತಿಲ್ಲ?”

“ಬಸವಣ್ಣನೂ ನಾಕು ಕಾಲಿನಾಂವರಿ ಗೌಡ್ರ. ಅವರವರು ಮಾತಾಡ್ಕೊಳ್ಳಲಿ ಬಿಡ್ರಿ. ನಡುವ ನಾವ್ಯಾಕ?”

ಮಂದಿ ಗೊಳ್ಳೆಂದು ನಕ್ಕರು. ಗೌಡರೂ ನಗು ತಡೆಯಲಾರದೆ ಮೀಸೆ ಒರೆಸಿಕೊಂಡರು. ಮೆಟ್ಟಿಲ ತನಕ ನಾಯಿ ಬರಬಹುದು, ಮೇಲೆ ಬೇಡ ಎಂದು ತೀರ್ಮಾನವಾಯಿತು. ಸುಬೇದಾರ ಮೊದಲ ಮೆಟ್ಟಿಲಿಗೆ ಮೂತಿಯಿಟ್ಟು ಮಲಗಿತು. ಫಕೀರವ್ವ ಒಬ್ಬರೇ ಮೇಲೇರಿ ಕಲ್ಲಿನ ಹಣೆ, ಕೋಡು, ಕೊರಳು ಸವರಿ ಮಾಲೆ ಹಾಕಿದರು. ಹಾಗೆ ಸವರುವುದು ಭಕ್ತಿ ಎಂದು ನಾವೆಲ್ಲ ಕೈಮುಗಿದೆವು.

ಗೊತ್ತಾದದ್ದು ಮೂರನೆಯ ವರ್ಷ. ಹಬ್ಬದ ಬೆಳಿಗ್ಗೆ ನೀರಿಗೆ ಹೋದವಳು ನಿಂತುಬಿಟ್ಟೆ. ಅವರ ಮಡಿಲಲ್ಲಿದ್ದ ಬಿಳಿ ಮಾಲೆಯಲ್ಲಿ ಅಲ್ಲಲ್ಲಿ ಕೆಂಪು ಹೂ. ಸ್ವಲ್ಪ ಹೊತ್ತಿನ ಮುಂಚೆ ಸುಬೇದಾರ ಅಳಿಲಿನ ಹಿಂದೆ ಬಿದ್ದು ಬಿಳಿ ಹೂವಿನದು, ಕೆಂಪು ಹೂವಿನದು ಎರಡೂ ಬುಟ್ಟಿ ಕೆಡವಿತ್ತಂತೆ. ಅವರು ನೆಲ ತಡವಿ ಎಲ್ಲವನ್ನೂ ತುಂಬಿಕೊಂಡಿದ್ದರು. ಕಣಗಿಲೆ ಬೆರಳಿಗೆ ಬಣ್ಣ ಹೇಳುವುದಿಲ್ಲ.

“ಅಕ್ಕಾ, ಇದರಾಗ ಕೆಂಪು ಅದಾವಲ್ರಿ.”

ಅವರ ಕೈ ನಿಂತಿತು. ಆಮೇಲೆ ಕೇಳಿದರು: “ಎಷ್ಟು?”

“ಆರು.”

“ಎಲ್ಲೆಲ್ಲಿ? ನನ್ನ ಬೆರಳು ಹಿಡದು ಇಟ್ಟು ತೋರಸು.”

ಒಂದೊಂದಾಗಿ ಇಟ್ಟು ತೋರಿಸಿದೆ. ಅವರು ಒಂದೊಂದಾಗಿ ಕಿತ್ತರು. ಆ ಬೆರಳುಗಳು ತಣ್ಣಗಿದ್ದವು.

“ಹಿತ್ತಲಾ, ಓಣಿ ನನಗ ಬಾಯಿಪಾಠ ಐತಿ. ಬಸವಣ್ಣನೂ ಹಂಗ, ಕಲ್ಲು ಬದಲಾಗೂದಿಲ್ಲಲ್ಲ. ಆ ಹೊಲದ ದಾರಿ ಒಂದು ನೋಡು, ವರ್ಷಾ ನೇಗಿಲಾ ಹೊಡದು ಬೇರೆನ ಮಾಡಿರ್ತಾರ. ಅದಕ್ಕ ಈ ಸುಬೇದಾರ. ಗೌಡ್ರ ಬಂಡಿ ಹಿಂದ ಹೊಂಟಿತಂದ್ರ ನೆಟ್ಟಗ ದಿಬ್ಬಕ್ಕ ಮುಟ್ಟಸ್ತೈತಿ.” ಮತ್ತೆ ದನಿ ತಗ್ಗಿಸಿದರು. “ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಕಣ್ಣಿಲ್ಲಂತ ಗೊತ್ತಾದ್ರ ಮಾಲಿ ಮೈದುನನ ಮನಿಗೆ ಹೋಗತೈತಿ. ಆಮ್ಯಾಲೆ ನನ್ನ ಯಾರು ಕರೀತಾರ?”

ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಪ್ರತಿ ಹಬ್ಬದ ಬೆಳಿಗ್ಗೆ ಕೊಡ ಇಳಿಸಿ ಮಾಲೆಯ ಮೇಲೆ ಒಮ್ಮೆ ಕಣ್ಣಾಡಿಸಿ, “ಬೆಳ್ಳಗೈತ್ರಿ” ಎಂದು ಹೇಳಿ ಹೋಗುವುದು ನನ್ನ ಕೆಲಸವಾಯಿತು.

ಸುಬೇದಾರ ಮುದಿಯಾಗಿ, ಒಂದು ಚಳಿಗಾಲದಲ್ಲಿ ಬಾವಿಯ ಕಟ್ಟೆಯ ಪಕ್ಕದಲ್ಲೇ ಸತ್ತಿತು. ಆ ಚೈತ್ರದಲ್ಲಿ ಫಕೀರವ್ವ ಹಗ್ಗ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೈ ಹಿಡಿದು ಕರೆದೊಯ್ಯುತ್ತೇನೆ ಎಂದೆ.

“ಕೈ ಬ್ಯಾಡ. ಕೈ ಹಿಡದ್ರ ಮಂದಿ ಕುರುಡಿ ಅಂತಾರ. ಇದರ ತುದಿ ನಿನ್ನ ಬುಟ್ಟಿಗೆ ಕಟಗೋ, ಮುಂದ ನಡಿ. ಕೇಳಿದ್ರ ಬುಟ್ಟಿ ಜಾರಬಾರದಂತ ಹಿಡಕೊಂಡಾಳಂತ ಹೇಳು.” ಆಮೇಲೆ ನಕ್ಕರು. “ಬೊಗಳೂದೇನ ಬ್ಯಾಡ ಮತ್ತ.”

ಎರಡು ವರ್ಷ ಹಾಗೆ ನಡೆದೆವು. ನಾನು ಮುಂದೆ ನೋಡುತ್ತಲೇ ಸಣ್ಣ ದನಿಯಲ್ಲಿ “ಅಕ್ಕಾ, ಕಲ್ಲು... ಅಕ್ಕಾ, ಬದು... ಅಕ್ಕಾ, ಹಳ್ಳ” ಎನ್ನುತ್ತ ಹೋಗುವುದು, ಹಿಂದಿನಿಂದ ಅವರು “ಹ್ಞೂಂ” ಎನ್ನುವುದು. ಮಂದಿ ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಮೂರನೆಯ ವರ್ಷ ಯುದ್ಧದ ಕಾಲ. ಅತ್ತೆಯವರು ಹಾಸಿಗೆ ಹಿಡಿದಿದ್ದರು. ಚಿಕ್ಕ ಮಗುವಿಗೆ ನಾಯಿಕೆಮ್ಮು. ರೇಷನ್ ಜೋಳಕ್ಕಾಗಿ ಹಬ್ಬದ ಹಿಂದಿನ ದಿನ ಬೆಳಗಿನಿಂದ ಬಿಸಿಲಲ್ಲಿ ಸರದಿ ನಿಂತು ಬಂದಿದ್ದೆ. ಅದೇ ಜೋಳ ಬೀಸುತ್ತ ಕುಳಿತಿದ್ದಾಗ ಬಾಗಿಲಲ್ಲಿ ಫಕೀರವ್ವ. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಹಗ್ಗ.

ನಾನು ಏಳಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದ ಕೈಯನ್ನೂ ಬಿಡಲಿಲ್ಲ. “ಅಕ್ಕಾ, ಈ ವರ್ಷ ನನ್ನ ಕೈಲೆ ಆಗಂಗಿಲ್ರಿ. ಕಾಲಾಗ ಶಕ್ತಿನ ಇಲ್ಲ.”

ಅವರು ನಿಂತೇ ಇದ್ದರು. “ಸುಬೇದಾರನೂ ದಣದಿತ್ತು ತಂಗಿ,” ಎಂದರು. “ಕಡೀ ವರ್ಷ ನಾಲಿಗಿ ಹೊರಗ ಹಾಕ್ಕೊಂಡ ನಡದಿತ್ತಂತ. ನನಗ ಕಾಣಲಿಲ್ಲ, ಆ ನಾಯಿಗೆ ಹೇಳಾಕ ಬರಲಿಲ್ಲ. ನೀ ಹೇಳಿದಿ. ಛಲೋ ಆತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಹಗ್ಗವನ್ನು ಸುರುಳಿ ಮಾಡಿ ಹೊಸ್ತಿಲ ಮೇಲಿಟ್ಟು ತಿರುಗಿದರು. ಈ ಹಿಡಿಯಷ್ಟು ಬೀಸಿ ಎದ್ದು ಹೋಗೋಣ ಎಂದುಕೊಂಡೆ. ಆಮೇಲೆ ಇನ್ನೊಂದು ಹಿಡಿ ಹಾಕಿದೆ. ಎದ್ದು ಹೊರಗೆ ಬರುವಷ್ಟರಲ್ಲಿ ಅವರು ಗೋಡೆ ಹಿಡಿದುಕೊಂಡು ನಾಲ್ಕು ಮನೆ ಆಚೆಯ ಮೈದುನನ ಬಾಗಿಲು ಮುಟ್ಟಿದ್ದರು.

ಅಲ್ಲಿ ಏನು ಹೇಳಿದರೆಂದು ಅವರ ನೆಗೆಣ್ಣಿ, ಆ ಮೈದುನನ ಹೆಂಡತಿ, ಆಮೇಲೆ ನನಗೆ ತಿಳಿಸಿದಳು. ಬುಟ್ಟಿ ಇಳಿಸಿ, “ನನ್ನ ಕಣ್ಣು ಹೋಗಿ ಒಂಬತ್ತು ವರ್ಷ ಆತವ್ವಾ. ಇನ್ನ ಮಾಲಿ ನೀವ ಕಟ್ಟಿ ಹಾಕ್ರಿ” ಎಂದರಂತೆ. “ಎಡಗೋಡು ಮುಕ್ಕಾಗೇತಿ, ನಾರು ಅಲ್ಲಿ ಜಾರತೈತಿ. ಎರಡು ಗಂಟು ಹಾಕು.” ಈಕೆ ಅಳುತ್ತ, ನೀವೂ ಬರ್ರಿ ಎಂದು ಕರೆದರೆ, “ಬಂದು ಏನ ನೋಡ್ಲಿ?” ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತರಂತೆ. ದಿಬ್ಬದಲ್ಲಿ ಗೌಡರು ಎಂದಿನಂತೆ ಅವರ ಹೆಸರನ್ನೇ ಕೂಗಿದರಂತೆ. ಬಂದವಳು ಬೇರೆ.

ನಾನು ಹೋಗಿ ಕ್ಷಮೆ ಕೇಳಬೇಕಿತ್ತು. ದಿನಾ ನೀರಿಗೆ ಹೋಗುತ್ತಿದ್ದೆ, ದಿನಾ ಅವರು “ಕುಂದ್ರು ತಂಗಿ” ಎನ್ನುತ್ತಿದ್ದರು, ದಿನಾ ನನಗೆ ಹೊತ್ತಿರುತ್ತಿರಲಿಲ್ಲ. ಶ್ರಾವಣದಲ್ಲಿ ನಾಲ್ಕು ದಿನದ ಜ್ವರ ಬಂತು, ಹೋದರು.

ಮುಂದಿನ ಚೈತ್ರಕ್ಕೆ ನನ್ನ ಕೆಲಸವೇನೂ ಕಡಿಮೆಯಾಗಿರಲಿಲ್ಲ. ಆದರೂ ಬುಟ್ಟಿ ಹೊತ್ತು ಒಬ್ಬಳೇ ಹೊರಟೆ. ಹೊಲದ ದಾರಿ ಎಂದಿನಂತೆ ಬದಲಾಗಿತ್ತು. ಇಳಿಜಾರಿನಲ್ಲಿ ನನ್ನ ಹಿಂದೆ ಬರುತ್ತಿದ್ದ ಹೆಣ್ಣುಮಗಳು ಒಮ್ಮೆಲೇ ಕೇಳಿದಳು: “ಯಾರ ಕೂಡ ಮಾತಾಡಾಕತ್ತೀರಿ ಅಕ್ಕಾರ?”

“ಯಾಕ, ಏನಂದೆ?”

“‘ಅಕ್ಕಾ, ಹಳ್ಳ’ ಅಂದ್ರಿ.”

ಬುಟ್ಟಿ ಸರಿಮಾಡಿಕೊಂಡು ಹಳ್ಳಕ್ಕೆ ಕಾಲಿಟ್ಟೆ. ನೀರು ಮೊಳಕಾಲಿಗೂ ಇರಲಿಲ್ಲ.