ಬೊಜ್ಜದ ದಿನ ಬಂದ ಬೊಜ್ಜು

ನನ್ನ ಸೋದರಮಾವ ಜೀವಮಾನವಿಡೀ ಸಪೂರ ಇದ್ದವರು. ಅವರಿಗೆ ಹೊಟ್ಟೆ ಬಂದದ್ದು ಸತ್ತ ಮೇಲೆ, ಕಡಬದ ಒಂದು ಸಭಾಭವನದಲ್ಲಿ, ಬೊಜ್ಜದ ದಿನ. ಬೊಜ್ಜವೆಂದರೆ ನಮ್ಮಲ್ಲಿ ಉತ್ತರಕ್ರಿಯೆ. ಘಟ್ಟದ ಮೇಲಿನವರು ಅದಕ್ಕೊಂದು ಕೊಂಬು ಹಚ್ಚಿದರೆ ಬೊಜ್ಜು, ಹೊಟ್ಟೆಯ ಕೊಬ್ಬು. ನಮ್ಮವರು ಎರಡನ್ನೂ ಒಂದೇ ಮುಹೂರ್ತದಲ್ಲಿ ನೆರವೇರಿಸಿದರು.

ಈಗ ಬೊಜ್ಜಕ್ಕೂ ಎಲ್‌ಇಡಿ ಪರದೆ ಬೇಕು. ಊಟಕ್ಕೆ ಮೊದಲು ನುಡಿನಮನ, ಅದರ ಬೆನ್ನಿಗೇ ವಿಡಿಯೋ. ನಾನು ಪುತ್ತೂರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವವನಾದ್ದರಿಂದ ಆ ಪುಣ್ಯಕಾರ್ಯ ನನ್ನ ಪಾಲಿಗೆ ಬಂತು. ಮಾವ ನಡೆದಾಡುವ ಚಿತ್ರ ಇದ್ದದ್ದು ಒಂದೇ: ಮಗಳ ಮದುವೆಯ ಹಳೆಯ ಕ್ಯಾಸೆಟಿನಲ್ಲಿ, ಸೌಟು ಹಿಡಿದು ಪಾಯಸ ಬಡಿಸುತ್ತ ನಗುವುದು. ಅತ್ತೆ ಪಂಜದ ಮನೆಯಿಂದ ಫೋನ್ ಮಾಡಿದ್ದರು.

"ನೋಡು ಮಾರಾಯ, ಮುಖವೂ ಬೇಕು, ಸೌಟೂ ಬೇಕು. ನನಗೆ ಅವರನ್ನು ಒಮ್ಮೆ ಹಾಗೇ ನೋಡ್ಲಿಕ್ಕುಂಟು."

ಕ್ಯಾಸೆಟಿನಿಂದ ಇಳಿಸಿದ ಫೈಲು ಏಳುನೂರ ಇಪ್ಪತ್ತು ಚುಕ್ಕೆ ಅಗಲ, ಐನೂರ ನಲವತ್ತು ಎತ್ತರ. ಅಂದರೆ ನಾಲ್ಕಕ್ಕೆ ಮೂರು. ಪರದೆಯೋ ಹದಿನಾರಕ್ಕೆ ಒಂಬತ್ತು. ಅಗಲ ಹಾಗೇ ಇಟ್ಟು ಕತ್ತರಿಸಿದರೆ ಎತ್ತರ ನಾನೂರ ಐದು. ಬೆಸ ಸಂಖ್ಯೆ! ಕಂಪ್ರೆಸ್ ಆದ ವಿಡಿಯೋ ಎರಡೆರಡು ಸಾಲಿನ ಚುಕ್ಕೆಗಳಿಗೆ ಒಂದೇ ಬಣ್ಣ ಹಂಚುವುದರಿಂದ, ಒಂಟಿ ಸಾಲನ್ನು ಅದು ಪಂಕ್ತಿಗೆ ಸೇರಿಸುವುದಿಲ್ಲ. ಅಗಲವನ್ನು ಏಳುನೂರ ನಾಲ್ಕಕ್ಕೆ ಇಳಿಸಿದೆ, ಎತ್ತರ ಮುನ್ನೂರ ತೊಂಬತ್ತಾರು. ಎರಡೂ ಸಮ, ಅನುಪಾತ ಕೂದಲಷ್ಟೂ ತಪ್ಪಿಲ್ಲ, ಸಕಲವೂ ಶಾಸ್ತ್ರೋಕ್ತ. ಆದರೆ ಮೇಲಿನಿಂದ ಕತ್ತರಿಸಿದರೆ ಮಾವನ ನಗು ಹೋಗುತ್ತದೆ, ಕೆಳಗಿನಿಂದ ಕತ್ತರಿಸಿದರೆ ಸೌಟು ಪಾಯಸ ಸಮೇತ ಹೋಗುತ್ತದೆ. ಕತ್ತರಿಸುವ ಯೋಚನೆಯನ್ನೇ ಬಿಟ್ಟೆ. ಚಿತ್ರವನ್ನು ಇಡಿಯಾಗಿ ಕೊಟ್ಟು, ಪರದೆಯ ಎಡಬಲ ಕಪ್ಪಾಗಿ ಉಳಿಯಲಿ ಎಂದೆ.

ಬೊಜ್ಜದ ದಿನ ಅತ್ತೆಯ ಅಳಿಯ, ಅಂದರೆ ಅದೇ ಮದುವೆಯ ಮದುಮಗ, ಪರದೆ ನೋಡಿ ಮುಖ ಹುಳಿ ಮಾಡಿದರು.

"ಎಂತ ಭಾವ, ಎರಡು ಬದಿ ಕಪ್ಪು? ಇಡೀ ಪರದೆಗಲ್ವಾ ಬಾಡಿಗೆ ಕೊಟ್ಟದ್ದು?"

"ಅಡ್ಡ ಎಳೆದರೆ ಮಾವ ಉರುಟಾಗ್ತಾರೆ."

"ಆಗ್ಲಿ ಮಾರಾಯ್ರೆ! ಬದುಕಿದ್ದಾಗ ಸರಿ ಉಣ್ಲಿಲ್ಲ, ಈಗಾದ್ರೂ ಸ್ವಲ್ಪ ದಪ್ಪ ಕಾಣ್ಲಿ."

ಪರದೆಯವನು ಗುಂಡಿ ಒತ್ತಿದ. ಮಾವ ಅಡ್ಡಕ್ಕೆ ಬೆಳೆದರು. ಕೆನ್ನೆ ಉಬ್ಬಿತು, ಕುತ್ತಿಗೆ ಮಾಯವಾಯಿತು, ಸೌಟು ಗುದ್ದಲಿಯಾಯಿತು. "ಈಗ ಲಾಯ್ಕುಂಟು" ಎಂದು ಹಿಂದಿನಿಂದ ಯಾರೋ ಪ್ರಶಸ್ತಿ ಕೊಟ್ಟರು. ತೀರಿಹೋದವರನ್ನು ಸಭೆಯೆದುರು ಊದಿಸಿ ಆನಂದಿಸುವ ಈ ಘನ ಬಂಧುವರ್ಗದೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕಲ್ಲ ಎಂದು ನನಗೆ ಅಸಹ್ಯವಾಯಿತು.

ಮುಂದಿನ ಸಾಲಿನಲ್ಲಿದ್ದ ಅತ್ತೆ ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇದು ಯಾರು ಮಾರಾಯ? ಅಡುಗೆಯವರಾ?"

"ಮಾವನೇ."

"ಇವರಲ್ಲ. ನಿನ್ನ ಮೊಬೈಲಲ್ಲಿ ಉಂಟಾ, ಸರಿಯಾದ್ದು?"

ಉಂಟು ಎಂದೆ. ಅತ್ತೆ ಕುರ್ಚಿಯನ್ನು ಪರದೆಗೆ ಬೆನ್ನಾಗುವಂತೆ ತಿರುಗಿಸಿ ಕೂತರು. ಅಂಗೈಯಗಲದಲ್ಲಿ, ಎರಡು ಕಪ್ಪು ಪಟ್ಟಿಗಳ ನಡುವೆ, ಮಾವ ಸಪೂರವಾಗಿ ನಗುತ್ತ ಪಾಯಸ ಬಡಿಸಿದರು.

"ಇನ್ನೊಮ್ಮೆ ಹಾಕು" ಎಂದರು ಅತ್ತೆ.

ಬೆನ್ನ ಹಿಂದೆ ಪರದೆಯಲ್ಲಿ ಆ ದಪ್ಪಗಿನವರು ಯಾರ್ಯಾರಿಗೋ ಬಡಿಸುತ್ತಲೇ ಇದ್ದರು.