ಗಜದ ಮೇಲಿನ ಗೀರು

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಇನಾಯತ್ ಉಲ್ಲಾ ಅವರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಕಾರಣ ಕೇಳಿದರೆ, ಗುಂಡು ಮದ್ದಿನ ಮೇಲೆ ಕೂತಿರಲಿಲ್ಲ ಎನ್ನುತ್ತಿದ್ದರು. ಬಾಯಿಂದ ತುಂಬುವ ಕೋವಿಯಲ್ಲಿ ಮೊದಲು ಮದ್ದು, ಅದಕ್ಕೆ ಒತ್ತಿಕೊಂಡು ಗುಂಡು, ಗುಂಡು ಜಾರದಂತೆ ಮೇಲೆ ಬಿಗಿಯಾಗಿ ಜಡಿದ ತೆಂಗಿನ ನಾರು. ಮದ್ದಿಗೂ ಗುಂಡಿಗೂ ನಡುವೆ ಸಂದು ಬಿಟ್ಟರೆ ನಳಿಗೆ ಸೀಳುತ್ತದೆ. ಹರೆಯದಲ್ಲಿ ಹೀಗೆ ಕಲಿತದ್ದನ್ನು ಅವರು ಮುದುಕರಾಗುವವರೆಗೂ ಗಿರಾಕಿಗಳಿಗೆ ಬೈದು ಹೇಳಿದರು. ಬೈಗುಳ ಮಾತ್ರ ನೆನಪಿಟ್ಟುಕೊಂಡವರೇ ಹೆಚ್ಚು.

2004ರ ಚುನಾವಣೆಗೆ ಮುಂಚೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಾಗಿತ್ತು. ಕೊನೆಯ ದಿನ ಮಧ್ಯಾಹ್ನ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಪುಟ್ಟಮಾದಯ್ಯ ಮೊಪೆಡ್ಡಿಗೆ ಕೋವಿ ಕಟ್ಟಿಕೊಂಡು ಬಂದ. ನಳಿಗೆಯ ಬಾಯಿ ದಾರಿಯುದ್ದಕ್ಕೂ ನೆಲ ನೋಡುತ್ತಿತ್ತು. ಹೊಲಕ್ಕೆ ಬರುವ ಹಂದಿಗಾಗಿ ತುಂಬಿಟ್ಟದ್ದು ಹಾಗೇ ಇತ್ತು. ತುಂಬಿದ ಕೋವಿಯನ್ನು ಠಾಣೆಯಲ್ಲಿ ಮುಟ್ಟುವುದಿಲ್ಲ. ಸಂಜೆಯೊಳಗೆ ಒಪ್ಪಿಸದಿದ್ದರೆ ಪರವಾನಗಿ ಉಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಊರವರೆಲ್ಲ ಆಕಾಶಕ್ಕೆ ಹೊಡೆದು ಖಾಲಿ ಮಾಡುತ್ತಾರೆ. ಅವನಿಗೆ ಬೇಕಾದದ್ದು ಕಿಡಿ ಹಾರಿಸುವ ಕೇಪು ಮಾತ್ರ.

"ಒಂದು ಕೇಪು ಕೊಡಿ ಸಾಬ್ರೆ. ಕೆರೆ ತಾವು ಓಗಿ ಮ್ಯಾಕ್ಕೆ ಹೊಡ್ದು ಬತ್ತೀನಿ."

ಇನಾಯತ್ ಕೇಪು ಕೊಡಲಿಲ್ಲ. ಪಕ್ಕಕ್ಕೆ ನಿಂತು ನಳಿಗೆಯೊಳಗೆ ಮದ್ದು ಜಡಿಯುವ ಕಬ್ಬಿಣದ ಗಜ ಇಳಿಸಿದರು. ಅದು ನಿಲ್ಲಬೇಕಾದ ಜಾಗಕ್ಕಿಂತ ಗೇಣು ಮೇಲೆಯೇ ನಿಂತಿತು. ಗುಂಡು ಮದ್ದು ಬಿಟ್ಟು ಜಾರಿತ್ತು. ನಾರು ಹಾಕಿದ್ದೆಯಾ ಎಂದು ಕೇಳಿದರು.

"ನಾರು ಸಿಗ್ನಿಲ್ಲ. ಬೀಡಿ ಕಟ್ಟಿನ ಕಾಗ್ದ ತುರುಕ್ದೆ. ಹಂದಿಗೇನು ಗೊತ್ತಾದದಾ, ಬುಡಿ."

"ಹಂದಿಗೆ ಏನೂ ಆಗಲ್ಲ ಮಾದಯ್ಯ. ನಿನ್ನ ಮುಖ ಹೋಗ್ತದೆ."

ಪುಟ್ಟಮಾದಯ್ಯ ನಂಬಲಿಲ್ಲ. ಬೇರೆ ಕಡೆ ಕೇಪು ಸಿಗುತ್ತದೆಂದು ಕೋವಿಗೆ ಕೈ ಹಾಕಿದ. ಅಷ್ಟರಲ್ಲಿ ಇನಾಯತ್ ಮದ್ದು ನೆನೆಯಲೆಂದು ಚೊಂಬಿನ ನೀರನ್ನು ನಳಿಗೆಯ ಬಾಯಿಗೂ ಕೇಪು ಕೂರುವ ತೂತಿಗೂ ಸುರಿದಿದ್ದರು.

"ನಮ್ಮಪ್ಪನ ಕೋವಿ ಕಣ ಸಾಬ್ರೆ ಅದು," ಎಂದ ಪುಟ್ಟಮಾದಯ್ಯ. ಮತ್ತೆ ಸ್ವಲ್ಪ ಹೊತ್ತು ಅವನು ಹೇಳಿದ ಮಾತುಗಳು ಬರೆಯುವಂಥವಲ್ಲ.

ಗುಂಡನ್ನು ಈಗ ಎಳೆದೇ ತೆಗೆಯಬೇಕು. ಇನಾಯತ್ ತುದಿಗೆ ತಿರುಪು ಇರುವ ಗಜ ಇಳಿಸಿದರು. ಮೂರು ಬೆರಳಿನ ಕೈಗೆ ನಳಿಗೆಯ ಹಿಡಿತ ಸಾಲಲಿಲ್ಲ. ಬೈಯುತ್ತಿದ್ದವನನ್ನೇ ಕರೆದು, ನಳಿಗೆಯ ಬಾಯಿಗೆ ಎದುರು ಬರದಂತೆ ಕೂರಿಸಿ, ಹಿಡಿಸಿದರು. ಗುಂಡಿನಾಚೆಯ ಮದ್ದು ಪೂರ್ತಿ ನೆನೆದಿದೆಯೋ ಇಲ್ಲವೋ ಇಬ್ಬರಿಗೂ ಕಾಣುವುದಿಲ್ಲ. ತಿರುಪು ಸೀಸವನ್ನು ಕಚ್ಚಿ ಜಾರಿತು. ಮತ್ತೆ ಕಚ್ಚಿತು, ಮತ್ತೆ ಜಾರಿತು. ಠಾಣೆಯ ಕಡೆಯಿಂದ ಕೋವಿ ಒಪ್ಪಿಸಿ ಬಂದವರು ಬಾಗಿಲಲ್ಲಿ ಇಣುಕಿ, ಬೇಗ ಹೋಗು, ಬಾಗಿಲು ಹಾಕುತ್ತಾರೆ ಎಂದರು. ಪುಟ್ಟಮಾದಯ್ಯನ ಕಣ್ಣು ಹಿಡಿತದ ಪಕ್ಕದಲ್ಲೇ ಇದ್ದ ಆ ಮೊಂಡು ಬೆರಳುಗಳ ಮೇಲಿತ್ತು.

ಕೊನೆಗೆ ಗುಂಡು ಬಂತು. ಹಿಂದೆ ಕಪ್ಪು ನೀರು, ಅದರ ಹಿಂದೆ ಒಂದು ಚಿಟಿಕೆ ಒಣ ಮದ್ದು. ಇಬ್ಬರೂ ಅದನ್ನು ನೋಡಿದರು. ಇನಾಯತ್ ಗಜ ಬಿಟ್ಟು ತಳ ಮುಟ್ಟಿಸಿದರು. ಕಬ್ಬಿಣಕ್ಕೆ ಕಬ್ಬಿಣ ತಾಕಿ ಟಣ್ ಎಂದಿತು. ಪುಟ್ಟಮಾದಯ್ಯ ಕೋವಿ ಎತ್ತಿಕೊಂಡು ಠಾಣೆಗೆ ಓಡಿದ. ಬಾಗಿಲು ಇನ್ನೂ ತೆರೆದಿತ್ತು.

ಚುನಾವಣೆ ಮುಗಿದು ಕೋವಿ ವಾಪಸು ಸಿಕ್ಕ ದಿನ ಅವನು ನೇರವಾಗಿ ಅಂಗಡಿಗೆ ಬಂದ. ಉಪಕಾರ ನೆನೆಯಲಿಲ್ಲ. ಒಳಗೆಲ್ಲ ತುಕ್ಕು ಹಿಡಿದಿದೆ ಎಂದು ದೂರಿದ. ಆಮೇಲೆ ತನ್ನ ಗಜವನ್ನು ಮುಂದೆ ಚಾಚಿ, ಗುಂಡು ಸರಿಯಾಗಿ ಕೂತಾಗ ನಳಿಗೆಯ ಬಾಯಿ ಅದರ ಮೇಲೆ ಎಲ್ಲಿಗೆ ಬರಬೇಕೋ ಅಲ್ಲೊಂದು ಗೀರು ಹಾಕಿಕೊಡಿ ಎಂದ.

ಇನಾಯತ್ ಕಬ್ಬಿಣ ಉಜ್ಜುವ ಅರ ತೆಗೆದು ಅವನ ಕೈಗೇ ಕೊಟ್ಟರು. "ನೀನೇ ಹಾಕು. ಆಗ ಮರೆಯಲ್ಲ."

ಅವನು ಗೀರು ಹಾಕುತ್ತಿದ್ದಾಗ ಅವರು ತುಕ್ಕು ತೆಗೆಯಲು ಕೂತರು.